ಅಪ್ಪಾಜಿಯ ಕಿವಿ, ನಡುಮನೆಯ ಗೋಡೆ, ಒಂದು ಜೋಡಿ ಸ್ಪೀಕರ್

ನಮ್ಮ ನಡುಮನೆ 12 ಅಡಿ ಉದ್ದ, 10 ಅಡಿ ಅಗಲ, ನೆಲದಿಂದ ತಾರಸಿಗೆ 10 ಅಡಿ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಅಪ್ಪಾಜಿ ಈ ಮನೆ ಕಟ್ಟಿಸುವಾಗ ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹಾಕಿದ ಅಳತೆ. ಅದೇ ಮನೆಯಲ್ಲಿ ಆಡಿ ಬೆಳೆದವನು ನಾನು. ಆದರೂ ಆ ಮೂರು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದ್ದು ಹೋದ ವರ್ಷ, 32 ಸಾವಿರ ರೂಪಾಯಿ ಕೊಟ್ಟು ತಂದ ಸ್ಪೀಕರ್ ಜೋಡಿ ಆ ಕೋಣೆಯಲ್ಲಿ ಸೋತ ಮೇಲೆ.

ಬೆಂಗಳೂರಿನ ಅಂಗಡಿಯೊಂದರಲ್ಲಿ ಅದನ್ನು ಕೇಳಿ ಮರುಳಾಗಿದ್ದೆ. ನೆಲದ ತುಂಬ ಜಮಖಾನ, ಗೋಡೆಗೆ ದಪ್ಪ ಬಟ್ಟೆ, ಕೂರಲು ಮೆತ್ತನೆಯ ಸೋಫಾ. ಅಂಗಡಿಯವರು ಹಾಕಿದ ಹಾಡುಗಳೆಲ್ಲ ಅವರೇ ಆರಿಸಿದ್ದವು: ಒಂದು ಗಿಟಾರ್, ಒಂದು ಡ್ರಮ್, ಕಿವಿಯ ಪಕ್ಕದಲ್ಲೇ ಪಿಸುಗುಟ್ಟುವ ಹೆಣ್ಣುದನಿ. ಕೆಳದನಿ ಎದೆಗೆ ಬಂದು ತಾಗುತ್ತಿತ್ತು, ತಾಳದ ಕಿಣಿಕಿಣಿ ಗಾಳಿಯಲ್ಲಿ ಮಿಂಚುತ್ತಿತ್ತು. ಅಪ್ಪಾಜಿಗೆ ವಚನ ಕೇಳಿಸಬೇಕು ಅಂತ ಹೊರಟವನು ಅಲ್ಲಿ ಒಂದೇ ಒಂದು ವಚನವನ್ನೂ ಹಾಕಿಸದೆ ದುಡ್ಡು ಕೊಟ್ಟು ಬಂದೆ.

ಊರಿಗೆ ತಂದು, ಟೀವಿ ಸ್ಟ್ಯಾಂಡಿನ ಎರಡೂ ಬದಿಗೆ ಇಟ್ಟು, ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಹಾಕಿದೆ. ತಂಬೂರಿ ಎಲ್ಲಿದೆ ಅಂತ ಗೊತ್ತಾಗದಷ್ಟು ಒಂದು ಗುಂಯ್ ಅನ್ನುವ ಶಬ್ದ ಕೋಣೆ ತುಂಬಿತು. ಡಗ್ಗಾದ ಒಂದೊಂದು ಪೆಟ್ಟಿಗೂ ಮೂಲೆಯ ಕಬ್ಬಿಣದ ಬೀರು ಗದಗದ ಅಂತ ನಡುಗಿತು. ದನಿ ಏರಿದಲ್ಲೆಲ್ಲ ಹಾರ್ಮೋನಿಯಂ ಸೂಜಿಯ ಹಾಗೆ ಚುಚ್ಚಿತು. ಅಪ್ಪಾಜಿ ಐದು ನಿಮಿಷ ಕೂತರು. ಆಮೇಲೆ, "ಪದ ತಿಳಿತಿಲ್ಲ ಕಣೋ ತಮ್ಮಾ, ತಗಡು ಬಡಿದಂಗೆ ಐತೆ. ಸ್ವಲ್ಪ ಕಡಿಮೆ ಮಾಡು" ಅಂದರು. ಕಡಿಮೆ ಮಾಡಿದೆ. "ಈಗ ಏನೂ ಕೇಳ್ತಿಲ್ಲ" ಅಂದರು. ಟವೆಲ್ ಹೆಗಲಿಗೆ ಹಾಕಿಕೊಂಡು ಕಟ್ಟೆಗೆ ಹೋಗಿ ಕೂತರು.

ಆ ಎರಡು ಮಾತು, ಜಾಸ್ತಿಯಾದರೆ ಬಡಿಯುತ್ತದೆ, ಕಡಿಮೆಯಾದರೆ ಕೇಳುವುದಿಲ್ಲ ಅನ್ನುವುದು, ನನಗೆ ಆಗ ವಯಸ್ಸಾದವರ ತಕರಾರಿನಂತೆ ಕಂಡಿತ್ತು. ಅದು ಒಂದು ಲಕ್ಷಣ, ಅದಕ್ಕೊಂದು ಕಾರಣ ಇದೆ ಅಂತ ತಿಳಿದದ್ದು ಆಮೇಲೆ.

ಅಪ್ಪಾಜಿ 22 ವರ್ಷ ಹತ್ತಿ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ದುಡಿದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರು ಮೆರೆಯುತ್ತಿದ್ದ ಕಾಲ. ಸೈರನ್ ಕೂಗಿದರೆ ಪಾಳಿಯವರು ಸೈಕಲ್ ಮೇಲೆ ಬೀದಿ ತುಂಬ ಬರುತ್ತಿದ್ದರು. ಶೆಡ್ಡಿನೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಎಲ್ಲ ಕೈಸನ್ನೆಯಲ್ಲೇ. ಕಿವಿಗೆ ಅರಳೆಯ ಉಂಡೆ ತುರುಕಿಕೊಂಡು ನಿಲ್ಲುತ್ತಿದ್ದರು. ಬರೀ ಅರಳೆ ಅಂಥ ಗದ್ದಲವನ್ನು ತಡೆಯುವುದು ತೀರಾ ಕಡಿಮೆ. ನಮ್ಮ ಕಾರ್ಖಾನೆ ನಿಯಮಗಳು ದಿನಕ್ಕೆ 8 ಗಂಟೆಯ ಕೆಲಸಕ್ಕೆ ಇಟ್ಟಿರುವ ಮಿತಿ 90 ಡೆಸಿಬಲ್. ಲಾಳಿ ಆಕಡೆ ಈಕಡೆ ಬಡಿಯುವ ಮಗ್ಗಗಳು ಸಾಲಾಗಿ ಓಡುವ ಶೆಡ್ಡು ಆ ಮಿತಿಯನ್ನು ದಾಟುವುದು ಸಾಮಾನ್ಯ.

ಕಿವಿ ಡಾಕ್ಟರು ಕೊಟ್ಟ ಆಡಿಯೋಗ್ರಾಮ್, ಅಂದರೆ ಯಾವ ಎತ್ತರದ ಸ್ವರ ಎಷ್ಟು ಕೇಳುತ್ತದೆ ಅಂತ ತೋರಿಸುವ ನಕ್ಷೆ, ಇನ್ನೂ ನಮ್ಮ ಬೀರುವಿನಲ್ಲಿದೆ. ಸ್ವರದ ಎತ್ತರದ ಅಳತೆ ಹರ್ಟ್ಜ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವುದು. 250 ಹರ್ಟ್ಜ್‌ನಿಂದ ಗೆರೆ ಮಟ್ಟವಾಗಿ ಬರುತ್ತದೆ, 2,000 ದಾಟುತ್ತಿದ್ದಂತೆ ಜಾರುತ್ತದೆ, 4,000ದ ಹತ್ತಿರ ಹಳ್ಳಕ್ಕೆ ಬೀಳುತ್ತದೆ, 8,000ಕ್ಕೆ ಸ್ವಲ್ಪ ಮೇಲೇಳುತ್ತದೆ. ಗದ್ದಲದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಕಿವಿಯಲ್ಲಿ 4,000 ಹರ್ಟ್ಜ್ ಆಸುಪಾಸಿನ ಈ ಹಳ್ಳ ಗುರುತಿನ ಚೀಟಿಯಿದ್ದ ಹಾಗೆ. ಸ, ಶ, ತ, ಕ ಇಂಥ ವ್ಯಂಜನಗಳ ಅಂಚು ಇರುವುದೇ ಆ ಎತ್ತರದಲ್ಲಿ. ಸ್ವರ ಕೇಳುತ್ತದೆ, ವ್ಯಂಜನ ಜಾರುತ್ತದೆ. ಹಾಗಾಗಿ ಹಾಡು ಕೇಳುತ್ತದೆ, ಪದ ತಿಳಿಯುವುದಿಲ್ಲ. ಇಂಥ ಕಿವಿಗೆ ಇನ್ನೊಂದು ಕಷ್ಟವೂ ಇದೆ: ಮೆಲ್ಲನೆಯ ಶಬ್ದ ಕೇಳುವುದೇ ಇಲ್ಲ, ಜೋರಾದದ್ದು ಮಾತ್ರ ಎಲ್ಲರಿಗೆ ಕೇಳುವಷ್ಟೇ ಜೋರಾಗಿ, ಕೆಲವೊಮ್ಮೆ ಹೆಚ್ಚು ಒರಟಾಗಿ ಬಡಿಯುತ್ತದೆ. ನಡುವೆ ಉಳಿಯುವ ಜಾಗ ಇಕ್ಕಟ್ಟು. ಆ ಇಕ್ಕಟ್ಟಿನಲ್ಲಿ ವಚನವನ್ನು ಕೂರಿಸಬಲ್ಲ ಸ್ಪೀಕರ್ ನನಗೆ ಬೇಕಿತ್ತು. ಅಂಗಡಿಯಲ್ಲಿ ಕೂತಾಗ ಈ ಪ್ರಶ್ನೆಯೇ ನನ್ನ ತಲೆಯಲ್ಲಿರಲಿಲ್ಲ.

ಇನ್ನು ಕೋಣೆ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಅಲೆ ಹೋಗಿ ಬಂದು ತನ್ನ ಮೇಲೇ ಬಿದ್ದು ಬಲಿಯುವ ಮೊದಲ ಸ್ವರ ಯಾವುದು ಅಂತ ತಿಳಿಯಲು ಆ ವೇಗವನ್ನು ಗೋಡೆಗಳ ದೂರದ ಎರಡರಷ್ಟರಿಂದ ಭಾಗಿಸಿದರೆ ಸಾಕು. 12 ಅಡಿಗೆ 47 ಹರ್ಟ್ಜ್, 10 ಅಡಿಗೆ 56 ಹರ್ಟ್ಜ್. ನಮ್ಮ ಮನೆಯಲ್ಲಿ ಅಗಲವೂ 10, ಎತ್ತರವೂ 10. ಅಂದರೆ ಅಕ್ಕಪಕ್ಕದ ಗೋಡೆಗಳು, ನೆಲ, ತಾರಸಿ ಎಲ್ಲ ಸೇರಿ ಒಂದೇ 56 ಹರ್ಟ್ಜ್ ಅನ್ನು ಎತ್ತಿ ಹಿಡಿಯುತ್ತವೆ. ನಾನು ತಂದದ್ದರಲ್ಲಿ ಕೆಳದನಿ ಹೊರಡಿಸುವ ಕೋನ್, ಅಂದರೆ ವೂಫರ್, ಆರೂವರೆ ಇಂಚಿನದು, ಹಿಂಬದಿಗೆ ಗಾಳಿಯ ತೂತು, ಅದನ್ನೂ ಗೋಡೆಗೆ ಗೇಣು ದೂರದಲ್ಲಿ ಇಟ್ಟಿದ್ದೆ. ಗೋಡೆ ಹತ್ತಿರವಾದಷ್ಟೂ ಕೆಳದನಿ ಉಬ್ಬುತ್ತದೆ, ಮೂಲೆಗೆ ಹೋದರೆ ಇನ್ನೂ ಜಾಸ್ತಿ.

ಮೊಬೈಲಿನಲ್ಲಿ ಒಂದೊಂದೇ ಸ್ವರ ಹೊರಡಿಸುವ ಆ್ಯಪ್ ಹಾಕಿಕೊಂಡು, ಸ್ಪೀಕರಿಗೆ ಜೋಡಿಸಿ, 30ರಿಂದ ಮೆಲ್ಲಗೆ ಏರಿಸುತ್ತಾ ಕೋಣೆಯಲ್ಲಿ ನಡೆದಾಡಿದೆ. 50 ದಾಟಿದಾಗ ಬೀರುವಿನ ಬಾಗಿಲು ಮಿಡಿಯಲು ಶುರುವಾಯಿತು. 56ಕ್ಕೆ ಬಂದಾಗ ಗೂಡಿನಲ್ಲಿದ್ದ ಸ್ಟೀಲ್ ತಟ್ಟೆಗಳೂ ಸೇರಿಕೊಂಡವು. ಗೋಡೆಗೆ ಕಿವಿ ಹಚ್ಚಿದರೆ ಹೊಟ್ಟೆಯಲ್ಲಿ ಗುಡುಗು. ಅದೇ ಸ್ವರ, ಅದೇ ವಾಲ್ಯೂಮು, ಎರಡೂ ಪಕ್ಕದ ಗೋಡೆಗೆ ಸರಿಯಾಗಿ ನಡುವೆ ಬಂದು ನಿಂತರೆ ಯಾರೋ ಬಂದ್ ಮಾಡಿದಂತೆ ಅರ್ಧಕ್ಕರ್ಧ ಮಾಯ. ಮತ್ತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಗುಡುಗು ವಾಪಸ್ಸು. ಇದನ್ನು ಓದುವವರು ಸ್ಪೀಕರ್ ಕೊಳ್ಳುವ ಮೊದಲು ತಮ್ಮ ಮನೆಯಲ್ಲಿ ಒಮ್ಮೆ ಮಾಡಿ ನೋಡಬೇಕು ಅಂತ ನನ್ನ ಆಸೆ. ಹಳೆಯ ಯಾವುದಾದರೂ ಸ್ಪೀಕರ್ ಇದ್ದರೂ ನಡೆಯುತ್ತದೆ. ನೀವು ಹುಟ್ಟಿ ಬೆಳೆದ ಕೋಣೆ ನಿಮಗೆ ಹೊಸದಾಗಿ ಕಾಣುತ್ತದೆ.

ಚಪ್ಪಾಳೆ ತಟ್ಟಿದರೆ ಇನ್ನೊಂದು ಸಂಗತಿ ತಿಳಿಯಿತು. ನುಣ್ಣನೆಯ ಪೇಂಟಿನ ಗೋಡೆ, ಕನ್ನಡಿಯಂಥ ಟೈಲ್ಸ್ ನೆಲ; ಚಪ್ಪಾಳೆಯ ಹಿಂದೆಯೇ ಟರ್‌ರ್ ಅಂತ ಒಂದು ಬಾಲ. ಆ ಬಾಲ ವ್ಯಂಜನಗಳ ಮೇಲೆ ಮಸಿ ಎರಚುತ್ತದೆ. ಸರಿಯಾದ ಕಿವಿ ಇದ್ದವರು ಹೇಗೋ ತುಂಬಿಕೊಳ್ಳುತ್ತಾರೆ. ಅಪ್ಪಾಜಿಗೆ ಆಗದು.

ಇಲ್ಲಿ ನನಗೆ ದಾರಿ ತೋರಿದ್ದು 1895ರ ಒಂದು ಕಥೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸದ ಕೋಣೆಯಲ್ಲಿ ಒಂದು ಮಾತು ಆಡಿದರೆ ಅದು ಸುಮಾರು ಐದೂವರೆ ಸೆಕೆಂಡ್ ಮೊಳಗುತ್ತಾ ಇರುತ್ತಿತ್ತು. ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ಸರಿಪಡಿಸಲು ವ್ಯಾಲೆಸ್ ಸಬೀನ್ ಅನ್ನುವ ಎಳೆಯ ಮೇಷ್ಟರಿಗೆ ಹೇಳಿದರು. ಅವರು ಹತ್ತಿರದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದಿಷ್ಟು ಮೆತ್ತೆ ಹರಡುವುದು, ಮೊಳಗು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಅಳೆಯುವುದು, ಇನ್ನಷ್ಟು ಹರಡುವುದು, ಹೀಗೆ ಮಾಡುತ್ತಾ ಹೋದರು. ಬೀದಿಯ ಸದ್ದು ಅಡಗಿರುತ್ತದೆ ಅಂತ ನಡುರಾತ್ರಿಯ ಕೆಲಸ. ಬೆಳಗಾಗುವುದರೊಳಗೆ ಮೆತ್ತೆಗಳು ವಾಪಸ್ಸು. ಕೋಣೆಯ ಗಾತ್ರಕ್ಕೂ ಅದರಲ್ಲಿರುವ ಮೆತ್ತನೆಯ ಸಾಮಾನಿಗೂ ಮೊಳಗಿಗೂ ಇರುವ ಲೆಕ್ಕ ಹಾಗೆ ಸಿಕ್ಕಿತು. ಕಟ್ಟಡಗಳ ಶಬ್ದವಿಜ್ಞಾನ ಶುರುವಾದದ್ದು ಆ ಮೆತ್ತೆಗಳಿಂದ.

ಮೆತ್ತೆ! ಅರಳೆಯ ಊರಿನಲ್ಲಿ ಕೂತು ನಾನು ಬೆಂಗಳೂರಿನಿಂದ ಸ್ಪಂಜಿನ ತುಂಡು ತರಿಸಲು ಹೊರಟಿದ್ದೆ.

ಹಳೇ ದಾವಣಗೆರೆಯಲ್ಲಿ ಗಾದಿ ಹೊಲಿಯುವ ಒಬ್ಬ ಹಿರಿಯರಿದ್ದಾರೆ. ಈಗ ಅರಳೆ ಹಿಂಜಲು ಮಿಷನ್ನು ಇದೆ, ಆದರೆ ಗೋಡೆಗೆ ಹಳೆಯ ಬಿಲ್ಲು ಇನ್ನೂ ತೂಗುಹಾಕಿದ್ದಾರೆ. ನಾನು ಚಿಕ್ಕವನಿದ್ದಾಗ ಅದನ್ನು ಹೊತ್ತವರು ಬೀದಿಗೆ ಬಂದರೆ ಝುಂಯ್ ಝುಂಯ್ ಅಂತ ಆ ತಂತಿಯ ನಾದ ಮನೆಮನೆಗೆ ಕೇಳುತ್ತಿತ್ತು. ಅಳತೆ ಹೇಳಿದೆ: 4 ಅಡಿ ಉದ್ದ, 2 ಅಡಿ ಅಗಲ, 4 ಇಂಚು ದಪ್ಪ, ಅಂಥವು ನಾಲ್ಕು. "ಇಷ್ಟು ಸಣ್ಣದು ಯಾವ ಮಂಚಕ್ಕಪ್ಪಾ?" ಅಂದರು. ಗೋಡೆಗೆ ಅಂದೆ. ಯಾಕೆ ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಗಟ್ಟಿ ತುಂಬಬಾರದು. ಗಟ್ಟಿ ಮಾಡಿದ್ರೆ ಅದೂ ಗೋಡೇನೇ ಆಗ್ತದೆ" ಅಂದರು. ಒಂದೊಂದಕ್ಕೆ ಆರು ಕೆ.ಜಿ. ಅರಳೆ ಸಾಕು ಅಂತ ಅವರೇ ತೀರ್ಮಾನ ಮಾಡಿದರು. ಹೊದಿಕೆಗೆ ತೆಳು ಕೋರಾ ಬಟ್ಟೆ ಆರಿಸಿದೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಬೇಕು; ಉಸಿರು ಆಚೆ ಹೋದರೆ ಶಬ್ದವೂ ಹೋಗುತ್ತದೆ. ರೆಕ್ಸಿನ್ ಹಾಕಿದರೆ ಒಳಗಿನ ಅರಳೆ ಇದ್ದೂ ಇಲ್ಲದಂತೆ.

ಎಲ್ಲಿ ತೂಗುಹಾಕಬೇಕು ಅನ್ನುವುದಕ್ಕೆ ಅಪ್ಪಾಜಿಯ ಗಡ್ಡ ಮಾಡಿಕೊಳ್ಳುವ ಕನ್ನಡಿ ಬೇಕಾಯಿತು. ಅವರು ತಮ್ಮ ಕುರ್ಚಿಯಲ್ಲಿ ಕೂತರು. ನಾನು ಕನ್ನಡಿಯನ್ನು ಪಕ್ಕದ ಗೋಡೆಗೆ ಅಂಟಿಸಿ ಹಿಡಿದು ಮೆಲ್ಲಗೆ ಸರಿಸುತ್ತಾ ಹೋದೆ.

"ಅಪ್ಪಾಜಿ, ಸ್ಪೀಕರ್ ಕಾಣ್ತೈತೇನ್ರಿ?"

"ಇಲ್ಲ, ಕ್ಯಾಲೆಂಡರ್ ಕಾಣ್ತೈತೆ."

"ಈಗ?"

"ಇನ್ನಾ ಮುಂದಕ್ಕೆ ತಗಳೋ... ಹಾಂ, ನಿಲ್ಲು. ಬಂತು ನೋಡು."

ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಶಬ್ದ ಗೋಡೆಗೆ ಬಡಿದು ಅವರ ಕಿವಿಗೆ ತಿರುಗುವ ಜಾಗ. ಪೆನ್ಸಿಲ್ ಗುರುತು ಹಾಕಿದೆ. ಆ ಬದಿಗೊಂದು ಈ ಬದಿಗೊಂದು, ಕುರ್ಚಿಯ ಹಿಂದಿನ ಗೋಡೆಗೆ ಎರಡು. ಗೋಡೆಗೂ ಗಾದಿಗೂ ನಡುವೆ ನಾಲ್ಕು ಇಂಚು ಖಾಲಿ ಬಿಟ್ಟೆ; ಹಾಗೆ ಬಿಟ್ಟರೆ ಇನ್ನೂ ಕೆಳಗಿನ ಸ್ವರಗಳನ್ನೂ ಅದು ಹೀರುತ್ತದೆ. ಅವತ್ತು ಚಪ್ಪಾಳೆ ತಟ್ಟಿದರೆ ಬಾಲ ಇರಲಿಲ್ಲ. ಅವ್ವ ಒಳಗಿನಿಂದ ಬಂದು, "ಮನೆ ಯಾಕೋ ತಣ್ಣಗಾದಂಗೆ ಐತಲ್ಲ" ಅಂದಳು. ಅಪ್ಪಾಜಿಯ ಕಿವಿಯೊಳಗಿದ್ದಾಗ ಅವರನ್ನು ಕಾಯಲಾರದ ಅರಳೆ ಈಗ ಗೋಡೆಯ ಮೇಲಿದೆ ಅನ್ನಿಸಿ ನನಗೆ ಸುಮ್ಮನೆ ಗಂಟಲು ಕಟ್ಟಿತು.

56 ಹರ್ಟ್ಜ್‌ಗೆ ಮಾತ್ರ ಗಾದಿ ಉತ್ತರವಲ್ಲ. ಆ ಅಲೆಯ ಉದ್ದವೇ 20 ಅಡಿ. ಅದನ್ನು ಗೋಡೆಯ ಮೇಲಿನ ಅರಳೆಯಿಂದ ಚೆನ್ನಾಗಿ ಹೀರಿಸಬೇಕಾದರೆ ಅದರ ಕಾಲುಭಾಗ, ಅಂದರೆ ಐದಡಿ ದಪ್ಪ ಬೇಕು. ಆಗದ ಮಾತು. ಉಳಿದದ್ದು ಎರಡೇ ದಾರಿ: ಇಡುವ ಜಾಗ ಸರಿಪಡಿಸುವುದು, ಆ ಸ್ವರವನ್ನು ಅಷ್ಟಾಗಿ ಕೆದಕದ ಸ್ಪೀಕರನ್ನೇ ಆರಿಸುವುದು.

ಮೊದಲ ಜೋಡಿಯನ್ನು ಎಂಟು ಸಾವಿರ ನಷ್ಟಕ್ಕೆ ಮಾರಿದೆ. ಕೊಂಡವರ ಮನೆಯ ನಡುಮನೆ ದೊಡ್ಡದು, ಅಲ್ಲಿ ಅದು ಚೆನ್ನಾಗಿಯೇ ಹಾಡುತ್ತಿದೆ.

ಈ ಸಲ ನಾವು ಕೇಳುವುದು ಏನು ಅಂತ ಮೊದಲು ಬರೆದುಕೊಂಡೆ. ವಚನ, ತತ್ವಪದ, ಹಿಂದೂಸ್ತಾನಿ ಗಾಯನ, ಹಳೆಯ ಸಿನಿಮಾ ಹಾಡು, ಭದ್ರಾವತಿ ಮತ್ತು ಚಿತ್ರದುರ್ಗ ಆಕಾಶವಾಣಿ. ಅಪ್ಪಾಜಿಗೆ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿದ ನೆನಪು ಇನ್ನೂ ಹಸಿ. ರಂಗಗೀತೆಯ ಕಾಲು ಹಾರ್ಮೋನಿಯಂ ಅವರಿಗೆ ಬೇಕೇ ಬೇಕು. ಎಲ್ಲದರ ನಡುವೆ ಇರುವುದು ಮನುಷ್ಯನ ದನಿ. ಗಂಡಸಿನ ಮಾತಿನ ಬುಡ 85ರಿಂದ 180 ಹರ್ಟ್ಜ್. ಗಾಯಕರ ಷಡ್ಜ ಹಾರ್ಮೋನಿಯಂನ ಕಪ್ಪು ಒಂದು ಅಂತಿಟ್ಟುಕೊಂಡರೆ ತಂಬೂರಿಯ ಖರಜದ, ಅಂದರೆ ಅತಿ ಕೆಳಗಿನ ಸ್ವರದ, ತಂತಿ ಸುಮಾರು 69 ಹರ್ಟ್ಜ್. ಅದಕ್ಕಿಂತ ಕೆಳಗೆ ನಮಗೆ ಕೆಲಸವೇ ಇಲ್ಲ. 60 ಹರ್ಟ್ಜ್‌ವರೆಗೆ ಮಟ್ಟವಾಗಿ ಇಳಿದು ಅಲ್ಲಿಂದ ಮೆಲ್ಲಗೆ ಕರಗುವ ಐದು ಇಂಚಿನ ವೂಫರ್ ಸಾಕು. 56ರ ಗುಡುಗನ್ನು ಅದು ಅಷ್ಟಾಗಿ ಎಬ್ಬಿಸುವುದಿಲ್ಲ.

ಸಣ್ಣ ಪೆಟ್ಟಿಗೆಯ ಬಗ್ಗೆ ಅನುಮಾನ ಇರುವವರು 1970ರ ದಶಕದಲ್ಲಿ ಬಿಬಿಸಿ ಎಂಜಿನಿಯರುಗಳು ಮಾಡಿದ ಎಲ್‌ಎಸ್3/5ಎ ಅನ್ನುವ ಸ್ಪೀಕರಿನ ಬಗ್ಗೆ ತಿಳಿದುಕೊಳ್ಳಬೇಕು. ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಕೂತು ಮಾತು ಸರಿಯಾಗಿದೆಯೇ ಅಂತ ಪರೀಕ್ಷಿಸಲು ಮಾಡಿದ್ದು. ಐದಿಂಚಿನ ವೂಫರ್, ತೂತಿಲ್ಲದ ಮುಚ್ಚಿದ ಪೆಟ್ಟಿಗೆ, ಎದೆ ನಡುಗಿಸುವ ಕೆಳದನಿ ಇಲ್ಲ. ಆದರೆ ಮಾತಿಗೆ ಅದು ಅಳತೆಗೋಲಾಯಿತು. ಇವತ್ತಿಗೂ ಜನ ಹುಡುಕಿ ಕೊಳ್ಳುತ್ತಾರೆ.

ಮೇಲುಸ್ವರ ಹೊರಡಿಸುವ ಟ್ವೀಟರಿನ ವಿಷಯದಲ್ಲಿ ನಾನು ಮೊದಲು ತಪ್ಪು ಯೋಚಿಸಿದ್ದೆ. ಅಪ್ಪಾಜಿಗೆ ಮೇಲುಸ್ವರ ಕೇಳುವುದಿಲ್ಲ, ಅದನ್ನೇ ಜಾಸ್ತಿ ಕೊಡುವ ಚುರುಕಾದ ಲೋಹದ ಟ್ವೀಟರ್ ಬೇಕು ಅಂತ. ಹಾಗಲ್ಲ. ಉಬ್ಬಿಸಿದ ಮೇಲುಸ್ವರ ಅವರ ಆ ಇಕ್ಕಟ್ಟಿನ ಜಾಗವನ್ನು ದಾಟಿ ನೇರವಾಗಿ ಬಡಿಯುತ್ತದೆ. ಬೇಕಾದದ್ದು ಮಟ್ಟಸ. ಇಂಥ ಎರಡು ಕೋನಿನ ಸ್ಪೀಕರುಗಳಲ್ಲಿ ವೂಫರ್ ಕೈಬಿಟ್ಟು ಟ್ವೀಟರ್ ಹಿಡಿಯುವುದು ಸಾಮಾನ್ಯವಾಗಿ 2,000ದಿಂದ 3,000 ಹರ್ಟ್ಜ್ ನಡುವೆ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದೂ, ಪದಗಳ ಅಂಚು ಶುರುವಾಗುವುದೂ ಅಲ್ಲೇ. ಆ ಕೈಬದಲು ಒರಟಾದರೆ ಎಷ್ಟೇ ದುಬಾರಿ ಸ್ಪೀಕರಾದರೂ ದನಿ ಎರಡು ತುಂಡಾಗಿ ಕೇಳುತ್ತದೆ. ಇದನ್ನು ಕಾಗದದಲ್ಲಿ ಓದಿ ತಿಳಿಯಲಾಗದು, ಪರಿಚಯದ ದನಿ ಹಾಕಿ ಕೇಳಬೇಕು.

ವ್ಯಾಟಿನ ಚಿಂತೆ ನನ್ನ ಮಟ್ಟಿಗೆ ಅನಗತ್ಯ. ಸೆನ್ಸಿಟಿವಿಟಿ 86 ಡೆಸಿಬಲ್ ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಶಬ್ದ. ಮನೆಯ ಮಾತುಕತೆ 60ರ ಆಸುಪಾಸು. ನಮ್ಮಂಥ ಕೋಣೆಗೆ 40 ವ್ಯಾಟಿನ ಆಂಪ್ಲಿಫೈಯರ್ ಧಾರಾಳ. ಡಬ್ಬದ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಅಂತ ಸಾವಿರಗಟ್ಟಲೆ ಬರೆದಿದ್ದರೆ ಆ ಅಂಕಿ ಬಿಟ್ಟುಬಿಡಿ, ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ, ಎಷ್ಟು ಅಂತ ಕೇಳಿ. ಕೋನಿನ ಅಂಚಿಗೆ ಫೋಮ್ ಬದಲು ರಬ್ಬರ್ ಇರುವುದನ್ನೇ ಕೊಳ್ಳಿ, ಫೋಮ್ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ. ಕರೆಂಟು ಹೋದಾಗ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ಲಿಫೈಯರ್ ಜೇನುಹುಳದಂತೆ ಗುಂಯ್‌ಗುಡುತ್ತದೆ. ಅದು ಸ್ಪೀಕರಿನ ದೋಷವಲ್ಲ.

ಮೂರು ಜೋಡಿ ಮನೆಗೇ ತಂದು ಕೇಳಿದೆವು. ಒಂದು ಗೆಳೆಯನದು, ಒಂದು ಹರಿಹರದ ಪರಿಚಯಸ್ಥರದು, ಒಂದನ್ನು ಅಂಗಡಿಯವರು ಎರಡು ದಿನಕ್ಕೆ ಅಂತ ಮುಂಗಡ ಇಟ್ಟುಕೊಂಡು ಕೊಟ್ಟರು. ಹಾಡಿಗಿಂತ ನನಗೆ ಹೆಚ್ಚು ತಿಳಿಸಿದ್ದು ಒಂದು ಸಣ್ಣ ಧ್ವನಿಮುದ್ರಣ. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು, "ರೊಟ್ಟಿ ಆರ್ತಾವೆ, ಬರ್ರಿ" ಅಂತ ಕರೆಯುವುದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ. ದಿನಾ ಕೇಳುವ ದನಿ, ಅದರಲ್ಲಿ ಒಂದೆಳೆ ಹೆಚ್ಚುಕಡಿಮೆಯಾದರೂ ಗೊತ್ತಾಗುತ್ತದೆ. ಈ ಮೂರರಲ್ಲಿ ಮೊದಲನೆಯದರಲ್ಲಿ ಅವ್ವ ಹಂಡೆಯೊಳಗೆ ಕೂತು ಕರೆದಂತಿತ್ತು. ಎರಡನೆಯದರಲ್ಲಿ "ರೊಟ್ಟಿ" ಅನ್ನುವ ಒತ್ತು ಕಿವಿಗೆ ಹೊಡೆಯುತ್ತಿತ್ತು. ಮೂರನೆಯದನ್ನು ಹಾಕಿದಾಗ ಅವ್ವ ದುಗ್ಗಮ್ಮನ ಗುಡಿಗೆ ಹೋಗಿದ್ದಳು. ಅಪ್ಪಾಜಿ ಪೇಪರ್ ಓದುತ್ತಿದ್ದವರು ಕತ್ತು ಎತ್ತದೆ, "ಬಂದೆ ಇರು" ಅಂದರು.

ಅದನ್ನೇ ಇಟ್ಟುಕೊಂಡೆವು. ಐದೂಕಾಲು ಇಂಚಿನ ವೂಫರ್, ರೇಷ್ಮೆಯ ಟ್ವೀಟರ್, ಗಾಳಿಯ ತೂತು ಮುಂಬದಿಗೆ, ಬೆಲೆ 24 ಸಾವಿರ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಅದು ನಮ್ಮ ಕೋಣೆಗೆ, ಅಪ್ಪಾಜಿಯ ಕಿವಿಗೆ ಹೊಂದಿದ ಜೋಡಿ. ನಿಮ್ಮ ಮನೆಯ ಬೀರು ಬೇರೆ ಸ್ವರಕ್ಕೆ ನಡುಗಬಹುದು. ಬಡಗಿಯಿಂದ 26 ಇಂಚು ಎತ್ತರದ ಎರಡು ಸ್ಟ್ಯಾಂಡ್ ಮಾಡಿಸಿದೆ, ಕೂತಾಗ ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲಿ ಅಂತ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ ಮುಂದೆ, ಎರಡರ ನಡುವೆ ಆರಡಿ, ಮುಖ ಸ್ವಲ್ಪ ಒಳಕ್ಕೆ. ಕುರ್ಚಿಗೆ ಎಂಟಡಿ ದೂರ. ಎಲ್ಲದಕ್ಕೂ ನೆಲದ ಮೇಲೆ ಬಿಳಿ ಟೇಪಿನ ಗುರುತು ಹಾಕಿದೆ.

ಒಂದು ತಿಂಗಳಾದ ಮೇಲೆ ಕುರ್ಚಿ ಗುರುತಿನ ಮೇಲೆ ಇರಲಿಲ್ಲ. ಹಿಂದಕ್ಕೆ ತಳ್ಳಿದೆ. ಮಾರನೆಯ ದಿನ ಮತ್ತೆ ಮುಂದೆ. ಅವ್ವ ಕಸ ಹೊಡೆಯುವಾಗ ಸರಿಸುತ್ತಾಳೆ ಅಂದುಕೊಂಡಿದ್ದೆ. ಕೇಳಿದರೆ ಅಪ್ಪಾಜಿ, "ನಾನೇ ಎಳ್ಕಂಡೆ. ಇಲ್ಲಿ ಪದ ಬಿಡಿಸಿ ಕೇಳ್ತೈತೆ" ಅಂದರು. ಟೇಪು ಹಿಡಿದು ಅಳೆದೆ, ಐದೂವರೆ ಅಡಿ. ಹತ್ತಿರ ಬಂದಷ್ಟೂ ಸ್ಪೀಕರಿನಿಂದ ನೇರ ಬರುವ ಶಬ್ದದ ಪಾಲು ಹೆಚ್ಚು, ಗೋಡೆಗೆ ಬಡಿದು ಬರುವ ಪಾಲು ಕಡಿಮೆ. ಅವರು ತಮ್ಮ ಕಿವಿಯಿಂದಲೇ ಅಳೆದುಕೊಂಡು ಬಂದಿದ್ದರು. ಆ ಕುರ್ಚಿಗೆ ಸರಿಯಾಗಿ ಕನ್ನಡಿ ಹಿಡಿದು ಮತ್ತೆ ನೋಡಿದೆವು, ಪಕ್ಕದ ಗಾದಿಗಳನ್ನು ಮುಕ್ಕಾಲು ಅಡಿ ಮುಂದಕ್ಕೆ ಜರುಗಿಸಿದೆವು. ವಾಲ್ಯೂಮಿನ ಗುಂಡಿ ಗಡಿಯಾರದ ಹನ್ನೆರಡರಲ್ಲಿ ನಿಲ್ಲುತ್ತಿದ್ದದ್ದು ಈಗ ಒಂಬತ್ತೂವರೆಯಲ್ಲಿ ನಿಲ್ಲುತ್ತದೆ. ಹಳೆಯ ಟೇಪು ಕಿತ್ತು ಹೊಸ ಗುರುತು ಹಾಕಿದ್ದೇನೆ. ಅವ್ವ ಅದನ್ನು ಬಿಟ್ಟು ಸುತ್ತ ಕಸ ಹೊಡೆಯುತ್ತಾಳೆ.